ಹೊಗಳಿಸಿಕೊಂಡವಳು

ಇಬ್ಬರು ಹೆಣ್ಣುಮಕ್ಕಳಲ್ಲಿ ಚಿಕ್ಕವಳನ್ನು ಮನೆಯಲ್ಲಿ ಚಿಕ್ಕಿ ಎನ್ನುತ್ತಿದ್ದರು. ಆಕಾಶದ ನಕ್ಷತ್ರಕ್ಕೂ ಅದೇ ಹೆಸರು. ದೊಡ್ಡವಳು ದೊಡ್ಡಿ ಆದಳು. ದನ ಕೂಡಿಹಾಕುವ ಜಾಗಕ್ಕೂ ಅದೇ ಹೆಸರು. ಯಾರೂ ಬೇಕೆಂದು ಇಟ್ಟದ್ದಲ್ಲ, ಬಾಯಿಗೆ ಬಂದದ್ದು ಹಾಗೇ ಉಳಿದುಕೊಂಡಿತು. ಆದರೆ ಐವತ್ತಾರು ತುಂಬಿದ ಮೇಲೂ ದೊಡ್ಡಿಯ ಲೆಕ್ಕದಲ್ಲಿ ತನಗಾದ ಮೊದಲ ಅನ್ಯಾಯ ಅದೇ.

ದೊಡ್ಡಿಯದು ಹೊಲಿಗೆಯ ಕಸುಬು. ಹೊಸದನ್ನು ಹೊಲಿಯುವುದಕ್ಕಿಂತ ಹಳೆಯದನ್ನು ಸರಿಮಾಡಿಕೊಡುವ ಕೆಲಸವೇ ಹೆಚ್ಚು. ಪ್ಯಾಂಟಿನ ಕಾಲು ಮಡಿಸುವುದು, ಕೋಟಿಗೆ ಜಿಪ್ ಹಾಕುವುದು, ದಪ್ಪಗಾದವರಿಗೆ ಬಿಚ್ಚಿಕೊಡುವುದು, ಸಣ್ಣಗಾದವರಿಗೆ ಹಿಡಿದುಕೊಡುವುದು. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯೇ ಅಂಗಡಿ, ಹಿಂದಿನ ಎರಡು ಕೋಣೆ ಮನೆ. ಗಂಡ ಸಿಟಿ ಬಸ್ಸಿನ ಡ್ರೈವರು. ದಿನವಿಡೀ ಹಾರ್ನ್ ಕೇಳಿ ಕೇಳಿ ಮನೆಗೆ ಬಂದರೆ ಹೆಂಡತಿಯ ಮಾತು ಅರ್ಧ ಮಾತ್ರ ಕಿವಿಗೆ ಬೀಳುವ ಮನುಷ್ಯ. ಬಿದ್ದ ಅರ್ಧಕ್ಕೂ ನಿಧಾನವಾಗಿ ಬ್ರೇಕು ಹಾಕುವವನು.

ಚಿಕ್ಕಿ ಲೈಬ್ರರಿಯಲ್ಲಿ ಪುಸ್ತಕ ಕೊಡುವ ಕೌಂಟರಿನಲ್ಲಿ ಕೂರುತ್ತಿದ್ದಳು. ಮದುವೆಯಾಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಅಮ್ಮನ ಜೊತೆಗಿದ್ದಳು, ನಾಲ್ಕು ಮಹಡಿಯ ಕಟ್ಟಡದ ಕೆಳಗಿನ ಮನೆಯಲ್ಲಿ. ಅಮ್ಮನಿಗೆ ಎಂಬತ್ತೆರಡು. ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು, ಸಮುದ್ರದಾಚೆಯ ಕರೆಗೂ ತನ್ನ ಗಂಟಲೇ ಸಾಕು ಎನ್ನುವ ಹಾಗೆ ಮಾತಾಡುತ್ತಿದ್ದಳು. ಎರಡು ವರ್ಷದ ಹಿಂದೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ವಾಕರ್ ಹಿಡಿದು ನಡೆಯುತ್ತಿದ್ದಳು. ಮರೆವೂ ಸ್ವಲ್ಪ ಸ್ವಲ್ಪ ಶುರುವಾಗಿತ್ತು.

ದೊಡ್ಡಿ ಪ್ರತಿ ಭಾನುವಾರ ಹನ್ನೊಂದಕ್ಕೆ ಹಣ್ಣು ಹಿಡಿದುಕೊಂಡು ಹೋಗುತ್ತಿದ್ದಳು. ಹನ್ನೊಂದು ಎಂದರೆ ಹನ್ನೊಂದೇ. "ಅದಕ್ಕಿಂತ ಮುಂಚೆ ಅಮ್ಮನ ಸ್ನಾನ ಆಗಿರಲ್ಲ ಅಕ್ಕ, ತಡವಾದ್ರೆ ನಿದ್ದೆಗೆ ಜಾರ್ತಾಳೆ" ಎಂದು ಚಿಕ್ಕಿ ಗೊತ್ತುಮಾಡಿದ ಸಮಯ. ಬಾಗಿಲು ತೆಗೆದರೆ ಮನೆ ಕನ್ನಡಿಯಂತೆ ಹೊಳೆಯುತ್ತಿತ್ತು. ಅಮ್ಮ ತಲೆ ಬಾಚಿಕೊಂಡು, ಹಲ್ಲಿನ ಸೆಟ್ಟು ಹಾಕಿಕೊಂಡು, ಸೋಫಾದ ಮೂಲೆಯಲ್ಲಿ ಕೂತಿರುತ್ತಿದ್ದಳು. ದೊಡ್ಡಿ ಚಪ್ಪಲಿ ಬಿಡುವುದೇ ತಡ, ಶುರು.

"ಚಿಕ್ಕಿ ಇಲ್ಲದಿದ್ರೆ ನಾನು ಯಾವತ್ತೋ ಹೋಗಿರ್ತಿದ್ದೆ. ಹೊತ್ತುಹೊತ್ತಿಗೆ ಊಟ, ಹೊತ್ತುಹೊತ್ತಿಗೆ ಮಾತ್ರೆ. ನನ್ನ ಚಿಕ್ಕಿ ಬಂಗಾರ!"

ಇಷ್ಟನ್ನೂ ಹಳೆಯ ಎಕ್ಸ್‌ಚೇಂಜಿನ ದನಿಯಲ್ಲಿ, ಅಡುಗೆಮನೆಗೂ ಕೇಳುವ ಹಾಗೆ ಹೇಳುತ್ತಿದ್ದಳು. ಅಡುಗೆಮನೆಯಿಂದ ಚಿಕ್ಕಿ "ಸಾಕಮ್ಮ, ಸಾಕು" ಎಂದು ನಗುತ್ತಿದ್ದಳು. ದೊಡ್ಡಿ ಹಣ್ಣಿನ ಚೀಲ ಮೇಜಿನ ಮೇಲಿಟ್ಟು ಹಲ್ಲು ಕಿರಿಯುತ್ತಿದ್ದಳು. ಹಣ್ಣು ಹೇಗಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಹೊಗಳಿಕೆ ಮನೆಯೊಳಗೇ ಇದ್ದಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಕಟ್ಟಡದ ನಿವಾಸಿಗಳ ಸಂಘದವರು ಆ ವರ್ಷ ಚಿಕ್ಕಿಗೆ "ಮಾದರಿ ಮಗಳು" ಎಂದು ಒಂದು ಫಲಕ ಕೊಟ್ಟರು. ಸಮಾರಂಭಕ್ಕೆ ಹಾಕಿಕೊಳ್ಳುವ ಬಟ್ಟೆಯ ಸೊಂಟ ಸಡಿಲವಾಯಿತೆಂದು ಚಿಕ್ಕಿ ಅದನ್ನು ತಂದದ್ದು ಎಲ್ಲಿಗೆ? ದೊಡ್ಡಿಯ ಮಿಷನ್ನಿಗೇ. ದೊಡ್ಡಿ ಎರಡೂ ಕಡೆ ಮುಕ್ಕಾಲು ಇಂಚು ಹಿಡಿದಳು. ಇನ್ನೊಂದು ಅರ್ಧ ಇಂಚು ಹೆಚ್ಚಿಗೆ ಹಿಡಿದರೆ ವೇದಿಕೆಯ ಮೇಲೆ ಉಸಿರು ಬಿಡಲಾಗದೆ ನಿಂತಿರುತ್ತಾಳೆ ಎಂಬ ಯೋಚನೆ ಬಂದು ಹೋಯಿತು. ಕೈ ಮಾತ್ರ ಕೆಟ್ಟ ಕೆಲಸ ಮಾಡಲು ಒಪ್ಪಲಿಲ್ಲ. ಸಮಾರಂಭದಲ್ಲಿ ಬಟ್ಟೆ ಮೈಗೆ ಅಚ್ಚು ಹಾಕಿದ ಹಾಗೆ ಕೂತಿತ್ತು. ಪಕ್ಕದಲ್ಲಿ ಕೂತ ಹೆಂಗಸು ದೊಡ್ಡಿಯ ಕಡೆ ತಿರುಗಿ, "ನೀವೂ ಅವರ ಮಗಳೇ ಅಲ್ವಾ? ಪುಣ್ಯವಂತರು, ನಿಮಗೇನೂ ತಾಪತ್ರಯ ಇಲ್ಲ" ಎಂದಳು. ಆ ಮಾತು ಒಂದು ವಾರ ದೊಡ್ಡಿಯ ಗಂಟಲಲ್ಲಿ ಮೂಳೆಯ ಹಾಗೆ ಸಿಕ್ಕಿಕೊಂಡಿತ್ತು.

ಹೊಟ್ಟೆಕಿಚ್ಚಿನವರ ಕಣ್ಣು ಚುರುಕು. ಬೇರೆಯವರು ನೋಡಿ ಮರೆಯುವುದನ್ನು ದೊಡ್ಡಿ ಮನೆಗೆ ಹೊತ್ತು ತಂದು ಮತ್ತೆ ಮತ್ತೆ ತಿರುವಿ ನೋಡುತ್ತಿದ್ದಳು. ಅಮ್ಮನನ್ನು ಏನು ಕೇಳಿದರೂ ಉತ್ತರ ಕೊಡುವ ಮುಂಚೆ ಚಿಕ್ಕಿಯ ಮುಖ ನೋಡುತ್ತಾಳೆ. "ನಿದ್ದೆ ಬರ್ತಿದೆಯಾ ಅಮ್ಮ?" ಎಂದರೂ ಮೊದಲು ಚಿಕ್ಕಿಯ ಕಡೆ ನೋಟ, ಆಮೇಲೆ "ಹೂಂ". ಇಬ್ಬರೂ ಎಷ್ಟು ಒಂದಾಗಿಬಿಟ್ಟಿದ್ದಾರೆ, ಕಣ್ಣಲ್ಲೇ ಮಾತಾಡಿಕೊಳ್ಳುತ್ತಾರೆ, ತಾನು ಹೊರಗಿನವಳಾದೆ ಎಂದು ದೊಡ್ಡಿಯ ಹೊಟ್ಟೆ ಉರಿಯುತ್ತಿತ್ತು. ಒಮ್ಮೆ ದೊಡ್ಡಿಗೆಂದು ಕೊಟ್ಟ ನೀರಿನ ಲೋಟವನ್ನು ಅಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. "ಕುಡೀತೀಯಾ?" ಎಂದು ದೊಡ್ಡಿ ಚಾಚಿದಳು. ಚಿಕ್ಕಿ ನಡುವೆ ಬಂದು ಲೋಟ ತೆಗೆದುಕೊಂಡಳು. "ಬೇಡ ಅಕ್ಕ, ಅಮ್ಮಂದು ಆಗಿದೆ. ಎಲ್ಲಾ ಟೈಮ್ ಪ್ರಕಾರ ನಡೀಬೇಕು." ಅದೂ ದೊಡ್ಡಿಗೆ ಬೇರೆ ಥರವೇ ಚುಚ್ಚಿತು. ತನ್ನ ಕೈಯಿಂದ ಅಮ್ಮ ಒಂದು ಗುಟುಕು ನೀರು ಕುಡಿದರೂ ಇವಳಿಗೆ ಸಹಿಸಲಾಗಲ್ಲವಲ್ಲ!

ಚಳಿ ಶುರುವಾಗುವ ಮುಂಚಿನ ಒಂದು ಭಾನುವಾರ ದೊಡ್ಡಿ ಅಳತೆ ಟೇಪು ತೆಗೆದುಕೊಂಡು ಹೋದಳು. ಅಮ್ಮನಿಗೆ ಫ್ಲಾನಲ್ಲಿನ ಒಂದು ದಪ್ಪ ಗೌನು ಹೊಲಿಯಬೇಕು. ಚಿಕ್ಕಿ ಏನು ಮಾಡಿದರೂ ಹೊಲಿಗೆ ಮಾತ್ರ ಮಾಡಲಾರಳು ಎಂಬ ಸಮಾಧಾನ ಅದರಲ್ಲಿತ್ತು.

"ಹಳೇ ಅಳತೆ ಇದೆಯಲ್ಲ ಅಕ್ಕ, ಅದರಲ್ಲೇ ಹೊಲಿ" ಎಂದಳು ಚಿಕ್ಕಿ.

"ಹಳೇದು ಎರಡು ವರ್ಷದ್ದು."

ಅಷ್ಟರಲ್ಲಿ ಸಂಘದ ಯಾರೋ ಬಂದು ಬೆಲ್ ಮಾಡಿದರು, ಚಿಕ್ಕಿ ಬಾಗಿಲಲ್ಲಿ ನಿಂತು ಮಾತಾಡತೊಡಗಿದಳು. ದೊಡ್ಡಿ ಅಮ್ಮನನ್ನು ಮಲಗುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಎದೆಗೆ ಟೇಪು ಸುತ್ತಿದಳು. ಹಿಂದಿನ ಸಲ ಮೂವತ್ತಾರು. ಈಗ ಮೂವತ್ತೊಂದು. ಟೇಪು ತಿರುಚಿಕೊಂಡಿರಬೇಕೆಂದು ಬಿಚ್ಚಿ ಮತ್ತೆ ಸುತ್ತಿದಳು. ಮೂವತ್ತೊಂದೇ. ಸ್ವೆಟರಿನ ಒಳಗಿನ ಮೈ ಇಷ್ಟು ಇಳಿದಿದೆ ಎಂದು ಹೊರಗಿನಿಂದ ಗೊತ್ತೇ ಆಗಿರಲಿಲ್ಲ. ತೋಳಿನ ಸುತ್ತಳತೆಗೆ ತೋಳನ್ನು ಮೇಲೆತ್ತಿ ಹಿಡಿದಾಗ ಒಳಭಾಗದ ಮೆತ್ತನೆಯ ಚರ್ಮದ ಮೇಲೆ ಕಲೆಗಳು ಕಂಡವು. ಒಂದು ಕಡೆ ಸಾಲಾಗಿ ನಾಲ್ಕು. ಎದುರು ಬದಿಯಲ್ಲಿ ಒಂದು. ಕೆಲವು ನೀಲಿ, ಕೆಲವು ಹಳೆಯದಾಗಿ ಹಳದಿಗೆ ತಿರುಗಿದ್ದವು. ದೊಡ್ಡಿ ಏನು ಮಾಡುತ್ತಿದ್ದೇನೆಂದು ತಿಳಿಯದೆಯೇ ತನ್ನ ಕೈಯನ್ನು ಅದರ ಮೇಲಿಟ್ಟಳು. ನಾಲ್ಕು ಬೆರಳು ನಾಲ್ಕರ ಮೇಲೆ ಕೂತವು, ಹೆಬ್ಬೆರಳು ಒಂದರ ಮೇಲೆ.

"ಇದೇನಮ್ಮ?"

"ಬಾಗಿಲು ತಾಗಿತು."

"ತೋಳಿನ ಒಳಗಡೆಗಾ?"

ಅಮ್ಮ ಮುಚ್ಚಿದ ಬಾಗಿಲ ಕಡೆ ನೋಡಿದಳು. ಆಮೇಲೆ ದೊಡ್ಡಿ ಎಂದೂ ಕೇಳದಂಥ ಸಣ್ಣ ದನಿಯಲ್ಲಿ, "ಚಿಕ್ಕಿಗೆ ಹೇಳಬೇಡ. ಪಾಪ, ಅವಳಿಗೆ ಸುಸ್ತು" ಎಂದಳು. ಹೊರಗೆ ಹೆಜ್ಜೆ ಸದ್ದಾಯಿತು. ಬಾಗಿಲು ತೆರೆದುಕೊಂಡ ಕೂಡಲೇ ಅಮ್ಮನ ಗಂಟಲು ಎದ್ದಿತು. "ನನ್ನ ಚಿಕ್ಕಿ ಇಲ್ಲದಿದ್ರೆ ನಾನು ಯಾವತ್ತೋ ಹೋಗಿರ್ತಿದ್ದೆ!"

ಬಸ್ಸಿನಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ಆ ದನಿ ದೊಡ್ಡಿಯ ತಲೆಯಲ್ಲಿ ಸುತ್ತಿತು. ಅಮ್ಮ ಆ ಮಾತನ್ನು ಯಾರಿಗಾಗಿ ಹೇಳುತ್ತಿದ್ದಳು? ತನ್ನನ್ನು ಉರಿಸಲು ಅಲ್ಲವೇ ಅಲ್ಲ. ಅಡುಗೆಮನೆಗೆ ಕೇಳಲಿ ಎಂದು. ಇಷ್ಟು ದಿನ ತಾನು ಹೊಟ್ಟೆಕಿಚ್ಚು ಪಟ್ಟದ್ದು ಅಮ್ಮನ ಪ್ರೀತಿಗೋ, ಅಮ್ಮನ ಹೆದರಿಕೆಗೋ?

ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಶೂ ಬಿಚ್ಚುತ್ತಾ ಪೂರ್ತಿ ಕೇಳಿಸಿಕೊಂಡ, ಅದೇ ಒಂದು ವಿಶೇಷ.

"ನೋಡು, ಬೇಜಾರು ಮಾಡ್ಕೋಬೇಡ. ನಿನಗೆ ಅವಳನ್ನ ಕಂಡ್ರೆ ಆಗಲ್ಲ. ಆ ಫಲಕ ಬಂದಾಗಿಂದ ನೀನು ಸರಿಯಾಗಿ ಊಟ ಮಾಡಿಲ್ಲ. ವಯಸ್ಸಾದವರ ಮೈ, ಏಳಿಸೋವಾಗ ಕೂರಿಸೋವಾಗ ಹಿಡೀಲೇಬೇಕಲ್ವಾ?"

"ಹಿಡಿಯೋದು ಬೇರೆ ರೀ. ಹಿಸುಕೋದು ಬೇರೆ."

"ನಿನ್ನ ಕಣ್ಣಿಗೆ ಹಾಗೆ ಕಂಡಿರಬಹುದು ಅಂದೆ ಅಷ್ಟೇ."

ದೊಡ್ಡಿಗೆ ಸಿಟ್ಟು ಬಂದದ್ದು ಅವನ ಮಾತು ಸುಳ್ಳೆಂದಲ್ಲ. ಅದು ಅರ್ಧ ನಿಜ ಎಂದು. ಚಿಕ್ಕಿಯ ಮೇಲೆ ಏನಾದರೂ ಒಂದು ಕಪ್ಪು ಚುಕ್ಕೆ ಸಿಗಲಿ ಎಂದು ತಾನು ವರ್ಷಗಟ್ಟಲೆ ಕಾದಿದ್ದಳು. ಈಗ ಸಿಕ್ಕಿರುವುದು ನಿಜವಾದ ಚುಕ್ಕೆಯೋ, ತನ್ನ ಆಸೆಯೇ ಮೂಡಿಸಿದ್ದೋ? ಮರುದಿನ ಧೈರ್ಯ ಮಾಡಿ ಚಿಕ್ಕಿಗೆ ಫೋನ್ ಮಾಡಿದಳು. ಅಮ್ಮನ ತೋಳಿನ ಕಲೆಯ ಮಾತೆತ್ತಿದಳು.

ಆ ಕಡೆಯಿಂದ ಚಿಕ್ಕಿ ತಣ್ಣಗೆ ಕೇಳಿದಳು. "ಅಕ್ಕಾ, ಹನ್ನೊಂದು ವರ್ಷದಲ್ಲಿ ನೀನು ಅಮ್ಮನಿಗೆ ಎಷ್ಟು ಸಲ ಸ್ನಾನ ಮಾಡಿಸಿದೀಯ?"

ದೊಡ್ಡಿ ಮಿಷನ್ನಿನ ಮೇಲೆ ಬಿದ್ದ ನೂಲಿನ ತುಂಡುಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು.

"ಮಾಡಿಸಿದ್ರೆ ಗೊತ್ತಾಗ್ತಿತ್ತು, ಆ ಚರ್ಮ ಮುಟ್ಟಿದ್ರೆ ಸಾಕು ನೀಲಿಯಾಗತ್ತೆ. ಬರೋ ಎರಡು ಭಾನುವಾರ ಬರೋದು ಬೇಡ. ನೀನು ಬಂದು ಹೋದ್ಮೇಲೆ ಅಮ್ಮ ಹಟ ಮಾಡ್ತಾಳೆ, ನಾನೇ ಅನುಭವಿಸಬೇಕು."

ನಾಚಿಕೆಯಿಂದ ದೊಡ್ಡಿ ಎರಡು ಭಾನುವಾರ ಅಲ್ಲ, ಮೂರು ಭಾನುವಾರ ಹೋಗಲಿಲ್ಲ. ಮೂವತ್ತೊಂದು ಇಂಚಿನ ಅಳತೆಗೆ ಗೌನು ಹೊಲಿದು ಮುಗಿಸಿದಳು. ಕತ್ತಿನ ಪಟ್ಟಿಯನ್ನು ಎರಡು ಸಲ ಬಿಚ್ಚಿ ಹೊಲಿದಳು. ಆ ಮೂರು ವಾರ ಸುಮ್ಮನಿದ್ದದ್ದಕ್ಕೆ ಅವಳು ಮುಂದೆ ಎಂದೂ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ. ಹೊಟ್ಟೆಕಿಚ್ಚಿನವಳು ಎನಿಸಿಕೊಳ್ಳುವ ಹೆದರಿಕೆ ಅಷ್ಟು ದೊಡ್ಡದಾಗಿತ್ತು.

ಮೂರನೆಯ ಭಾನುವಾರವೂ ಕಳೆದ ಮೇಲೆ, ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ, ಹೇಳದೆ ಕೇಳದೆ ಹೊರಟಳು. ಚಿಕ್ಕಿ ಲೈಬ್ರರಿಯಲ್ಲಿರುವ ಹೊತ್ತು ಅದು. ಬೆಲ್ ಒತ್ತಿದಳು. ಯಾರೂ ಬರಲಿಲ್ಲ. ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಕಟ್ಟಡದ ಪಕ್ಕದ ಓಣಿಗೆ ತಿರುಗಿಕೊಂಡಳು. ಅಲ್ಲಿ ಹಾಲ್‌ನ ಕಿಟಕಿ, ಕಿಟಕಿಯಲ್ಲಿ ಬಿಸಿಲಿಗೆ ಮುಖವೊಡ್ಡಿ ಕೂತ ಅಮ್ಮ. ಓಣಿಯಲ್ಲಿ ಹೋಗುವವರೆಲ್ಲ ಅವಳಿಗೆ ಕೈ ಬೀಸುತ್ತಿದ್ದರು, "ಮಗಳು ಎಷ್ಟು ಚೆನ್ನಾಗಿ ಬಿಸಿಲಿಗೆ ಕೂರಿಸಿ ಹೋಗಿದ್ದಾಳೆ" ಎನ್ನುತ್ತಿದ್ದರು. ಓಣಿಯಿಂದ ಕಾಣುತ್ತಿದ್ದುದು ತಲೆ, ಭುಜ, ಅಷ್ಟೇ.

ದೊಡ್ಡಿ ಕಿಟಕಿಯ ಸರಳು ಹಿಡಿದು ಒಳಗೆ ಬಗ್ಗಿ ನೋಡಿದಳು. ಅಮ್ಮನ ಸೊಂಟಕ್ಕೆ ಬಟ್ಟೆಯ ಪಟ್ಟಿಯೊಂದು ಸುತ್ತಿ ಕುರ್ಚಿಯ ಬೆನ್ನಿಗೆ ಕಟ್ಟಿತ್ತು. ಗಂಟು ಹಿಂದುಗಡೆ, ಅಮ್ಮನ ಕೈಗೆ ಎಟುಕದ ಕಡೆ. ಪಟ್ಟಿಯ ಗುರುತು ದೊಡ್ಡಿಗೆ ಕೂಡಲೇ ಹತ್ತಿತು. ಎರಡು ವರ್ಷದ ಹಿಂದೆ ತಾನೇ ಹೊಲಿದುಕೊಟ್ಟ ಗೌನಿನ ನಡುಪಟ್ಟಿ. ವಾಕರ್ ಕೋಣೆಯ ಆ ತುದಿಯಲ್ಲಿತ್ತು, ಅದರ ಮೇಲೆ ಟವೆಲ್ಲು ಒಣಹಾಕಿತ್ತು. ಹಲ್ಲಿನ ಸೆಟ್ಟು ಕಪಾಟಿನ ಮೇಲಿನ ಹಲಗೆಯಲ್ಲಿ ಗಾಜಿನ ಲೋಟದಲ್ಲಿತ್ತು. ಹಲ್ಲಿಲ್ಲದ ಅಮ್ಮನ ಮುಖ ಒಳಕ್ಕೆ ಕುಸಿದಿತ್ತು. ತುಟಿ ಒಡೆದು ಸಿಪ್ಪೆ ಎದ್ದಿತ್ತು.

"ಅಮ್ಮಾ."

ಅಮ್ಮ ಮೆಲ್ಲನೆ ತಿರುಗಿದಳು. ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. "ದೊಡ್ಡೀ... ಇವತ್ತು ಭಾನುವಾರವಾ?"

"ಅಲ್ಲಮ್ಮ."

"ಹಾಗಾದ್ರೆ ಯಾಕೆ ಬಂದೆ? ಹೋಗು. ಅವಳಿಗೆ ಗೊತ್ತಾದ್ರೆ..." ಎಂದು ನಾಲಿಗೆಯಿಂದ ತುಟಿ ಸವರಿಕೊಂಡಳು. "ನೀರಿದೆಯಾ?"

ದೊಡ್ಡಿ ಚೀಲದಿಂದ ಬಾಟಲಿ ತೆಗೆದು ಸರಳಿನ ನಡುವೆ ಕೈ ತೂರಿಸಿ ಅಮ್ಮನ ಬಾಯಿಗೆ ಹಿಡಿದಳು. ಅಮ್ಮ ಎರಡೂ ಕೈಯಲ್ಲಿ ದೊಡ್ಡಿಯ ಮಣಿಕಟ್ಟನ್ನು ಹಿಡಿದುಕೊಂಡು ಕುಡಿದಳು. ಕುಡಿದು, ಕೆಮ್ಮಿ, ಮತ್ತೆ ಕುಡಿದಳು.

"ಯಾಕಮ್ಮ ನೀರು ಕೊಡಲ್ಲ?"

"ಕುಡಿದ್ರೆ ಒದ್ದೆ ಮಾಡ್ಕೋತೀನಲ್ಲ. ಅವಳು ಸಂಜೆ ಬಂದು ಒಗೀಬೇಕು. ಒಗೆದ್ರೆ ಸಿಟ್ಟು ಬರತ್ತೆ." ಅದರಲ್ಲಿ ದೂರೇ ಇರಲಿಲ್ಲ. ಹವಾಮಾನದ ಸಂಗತಿ ಹೇಳುವ ಹಾಗೆ ಹೇಳಿದಳು.

ಆ ಕ್ಷಣದಲ್ಲಿ ದೊಡ್ಡಿಯ ಎದೆಯಲ್ಲಿ ಮೊದಲು ಎದ್ದದ್ದು ಅಳುವಲ್ಲ. ಸಿಕ್ಕಿಬಿದ್ದಳು! ಮಾದರಿ ಮಗಳು ಸಿಕ್ಕಿಬಿದ್ದಳು! ಎಂಬ ಸಂತೋಷ. ಬಿಸಿ ಚಹಾ ಕುಡಿದ ಹಾಗೆ ಅದು ಮೈಯೆಲ್ಲ ಹರಿಯಿತು. ಮರುಗಳಿಗೆಯಲ್ಲೇ ಅಮ್ಮನ ಬೆರಳು ಇನ್ನೂ ತನ್ನ ಮಣಿಕಟ್ಟನ್ನು ಬಿಡದೆ ಹಿಡಿದಿರುವುದು ತಿಳಿದು ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಆಮೇಲೆ ಅಳು ಬಂತು.

ನೆಟ್ಟಗೆ ಲೈಬ್ರರಿಗೆ ಹೋಗಿ, ಓದುತ್ತಾ ಕೂತ ಅಷ್ಟೂ ಜನರ ಎದುರು ಕೌಂಟರಿನ ಮುಂದೆ ನಿಂತು ತಂಗಿಯ ಮರ್ಯಾದೆ ಮೂರು ಕಾಸಿಗೆ ಹರಾಜು ಹಾಕಬೇಕೆಂದು ಕಾಲು ತುಡಿಯಿತು. ಓಣಿಯ ಕೊನೆಯವರೆಗೆ ಹೋದಳು ಕೂಡ. ಅಲ್ಲಿ ನಿಂತಳು. ಹಾಗೆ ಮಾಡಿದರೆ ಎಲ್ಲರೂ ನೋಡುವುದು ಅಕ್ಕತಂಗಿಯರ ಜಗಳವನ್ನು. ಸಂಜೆ ಚಿಕ್ಕಿ ಮನೆಗೆ ಬಂದು ಬೀಗ ತೆಗೆಯುವಾಗ ಒಳಗೆ ಒಬ್ಬಳೇ ಇರುವವಳು ಅಮ್ಮ. ದೊಡ್ಡಿ ಎಡಕ್ಕೆ ತಿರುಗಿದಳು. ಎರಡು ಬೀದಿ ಆಚೆ ಸರ್ಕಾರಿ ಕ್ಲಿನಿಕ್ಕಿತ್ತು. ಅಲ್ಲಿನ ನರ್ಸಮ್ಮ ಹಿಂದೆ ಅಮ್ಮನ ರಕ್ತದೊತ್ತಡ ನೋಡುತ್ತಿದ್ದವಳು.

ನರ್ಸಮ್ಮ ಊಟದ ಡಬ್ಬಿ ಮುಚ್ಚಿಟ್ಟು ಕೇಳಿಸಿಕೊಂಡಳು. "ನಿಮ್ಮ ತಂಗಿ ಆರು ತಿಂಗಳಿಂದ ಅವರನ್ನ ಕರ್ಕೊಂಡು ಬಂದೇ ಇಲ್ಲ. ಬೇರೆ ಡಾಕ್ಟರ ಹತ್ರ ಹೋಗ್ತಿದೀವಿ ಅಂದಿದ್ರು" ಎಂದಳು. ಆಮೇಲೆ ಕಾಗದ ತೆಗೆದಳು. "ನಿಮಗೆ ಏನನ್ನಿಸ್ತು ಅನ್ನೋದು ಆಮೇಲೆ. ಏನು ನೋಡಿದ್ರಿ, ಯಾವತ್ತು ನೋಡಿದ್ರಿ, ಅದನ್ನ ಹೇಳಿ."

ಅದು ದೊಡ್ಡಿಗೆ ಬರುವ ಕೆಲಸ. ಅಳತೆ ಹೇಳಿದಳು, ಎರಡು ವರ್ಷದಲ್ಲಿ ಐದು ಇಂಚು. ಕಲೆ ಎಲ್ಲೆಲ್ಲಿ, ಎಷ್ಟೆಷ್ಟು ದೂರದಲ್ಲಿ, ಯಾವ ಬಣ್ಣ. ಪಟ್ಟಿ, ಗಂಟು, ವಾಕರ್, ಹಲ್ಲು, ನೀರು, ಬೀಗ. ಎಲ್ಲ ಹೇಳಿ ಮುಗಿದ ಮೇಲೆ ಮುಖ ಕೆಳಗೆ ಹಾಕಿದಳು.

"ಇನ್ನೊಂದು ಬರ್ಕೊಳ್ಳಿ. ನನಗೆ ನನ್ನ ತಂಗಿಯನ್ನ ಕಂಡ್ರೆ ಹೊಟ್ಟೆಕಿಚ್ಚು. ಚಿಕ್ಕಂದಿನಿಂದ್ಲೂ. ಆಮೇಲೆ ಯಾರಾದ್ರೂ ಹೇಳೋ ಬದಲು ನಾನೇ ಹೇಳಿಬಿಡ್ತೀನಿ."

ನರ್ಸಮ್ಮ ಪೆನ್ನು ಎತ್ತಲೇ ಇಲ್ಲ. "ಇರಲಿ ಬಿಡಿ. ಕಲೆ ಇರೋದು ನಿಮ್ಮ ಹೊಟ್ಟೇಲಲ್ಲ, ಅಮ್ಮನ ತೋಳಲ್ಲಿ" ಎಂದು ಫೋನ್ ಎತ್ತಿಕೊಂಡಳು. ಹಿರಿಯರ ರಕ್ಷಣೆಗೆಂದೇ ಇರುವ ಕಚೇರಿಗೆ ಮಾತಾಡಿದಳು. ಮುಕ್ಕಾಲು ಗಂಟೆಯಲ್ಲಿ ಅಲ್ಲಿಂದ ಒಬ್ಬಳು ಅಧಿಕಾರಿ ಬಂದಳು, ಗಿಡ್ಡ ಕೂದಲಿನ, ಮಾತು ಕಡಿಮೆಯ ಹೆಂಗಸು. ಚಿಕ್ಕಿಗೆ ಫೋನ್ ಮಾಡಿ ಬೀಗದ ಕೈ ತರಿಸಿದ್ದೂ ಅವಳೇ.

ಚಿಕ್ಕಿ ಓಡುತ್ತಾ ಬಂದಳು. ಬಾಗಿಲ ಮುಂದೆ ಮೂವರನ್ನೂ ನೋಡಿದಳು, ಕೊನೆಗೆ ಅಕ್ಕನನ್ನು. "ಓಹೋ" ಎಂದಳು ಅಷ್ಟೇ. ಚೀಲದಿಂದ ಕೀಲಿ ತೆಗೆದು ಬೀಗ ತೆರೆದಳು.

ಒಳಗೆ ನರ್ಸಮ್ಮ ಗಂಟು ಬಿಚ್ಚಿದಳು, ಹಲ್ಲಿನ ಸೆಟ್ಟು ತೊಳೆದು ಕೊಟ್ಟಳು. ಅಧಿಕಾರಿ ಇಬ್ಬರು ಮಕ್ಕಳನ್ನೂ ಹೊರಗೆ ಕಳಿಸಿ ಅಮ್ಮನ ಜೊತೆ ಒಂಟಿಯಾಗಿ ಕೂತಳು. ದೊಡ್ಡಿಯನ್ನೂ ಕಳಿಸಿದ್ದು ದೊಡ್ಡಿಗೆ ಸರಿಬರಲಿಲ್ಲ. "ನಿಮ್ಮ ಮುಖ ನೋಡ್ಕೊಂಡೂ ಅವರು ಉತ್ತರ ಕೊಡಬಾರದು" ಎಂದು ಅಧಿಕಾರಿ ಬಾಗಿಲು ಹಾಕಿಕೊಂಡಳು.

ಅಕ್ಕತಂಗಿಯರು ಮೆಟ್ಟಿಲ ಬುಡದಲ್ಲಿ ನಿಂತರು.

"ಸಂತೋಷವಾಯ್ತಾ?" ಎಂದಳು ಚಿಕ್ಕಿ.

ದೊಡ್ಡಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಒಂದು ನಿಮಿಷ ಆಯ್ತು. ಆಮೇಲೆ ಇಲ್ಲ."

"ಕಟ್ಟದೇ ಹೋದ್ರೆ ಎದ್ದು ಬೀಳ್ತಾಳೆ. ಮತ್ತೆ ಮೂಳೆ ಮುರಿದ್ರೆ ಯಾರು ನೋಡ್ತಾರೆ? ನೀನು ನೋಡ್ತೀಯಾ?"

"ಹಿಸುಕಿದ್ದು ಯಾಕೆ?"

ಚಿಕ್ಕಿ ಗೋಡೆಗೆ ಒರಗಿದಳು. ಬಂದದ್ದು ಅಳುವೋ ನಗುವೋ ಗೊತ್ತಾಗದ ಸದ್ದು. "ಮೂರು ಸಲ ಹಾಸಿಗೆ ಬದಲಾಯಿಸಿ, ಸೂಪು ಮಾಡಿ, ಚಮಚದಲ್ಲಿ ಬಾಯಿಗಿಟ್ರೆ ಏನಂತಾಳೆ ಗೊತ್ತಾ? 'ದೊಡ್ಡಿಯಾದ್ರೆ ಉಪ್ಪು ಸರಿಯಾಗಿ ಹಾಕ್ತಿದ್ಲು.' ಕೆಮ್ಮು ಬಂದ್ರೆ ದೊಡ್ಡಿ. ಬೆನ್ನು ನೋವಾದ್ರೆ ದೊಡ್ಡಿ. ವಾರಕ್ಕೊಂದು ಸಲ ಹಣ್ಣು ಹಿಡ್ಕೊಂಡು ಬಂದು ಹೋಗೋ ನೀನು ದೇವತೆ. ನಿನ್ನನ್ನ ಕಂಡ್ರೆ ನನ್ನ ಹೊಟ್ಟೆ ಉರೀತಿತ್ತು ಅಕ್ಕ. ನಿನ್ನ ಹೆಸರು ಹೇಳಿದಾಗೆಲ್ಲ..." ಎಂದು ಬಲಗೈಯನ್ನು ತಾನೇ ನೋಡಿಕೊಂಡು ನಿಲ್ಲಿಸಿದಳು.

ದೊಡ್ಡಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಮ್ಮ ತನ್ನನ್ನು ಕರೆಯುತ್ತಿದ್ದಳು. ಅದನ್ನು ಕೇಳಬೇಕೆಂದು ಎಷ್ಟು ವರ್ಷ ಹಂಬಲಿಸಿದ್ದಳು! ಸಿಕ್ಕಿತು, ಈ ರೂಪದಲ್ಲಿ ಸಿಕ್ಕಿತು.

"ಸುಸ್ತಾಗಿದ್ರೆ ನನಗೆ ಹೇಳಬೇಕಿತ್ತು."

"ನಿನಗಾ? ಆಗಲ್ಲ ಅಂತ ನಿನ್ನ ಹತ್ರ ಒಪ್ಕೋಬೇಕಿತ್ತಾ? ಅದಕ್ಕಿಂತ ಸಾಯ್ತಿದ್ದೆ."

"ಸಾಯ್ತಿದ್ದದ್ದು ನೀನಲ್ಲ ಚಿಕ್ಕಿ" ಎಂದಳು ದೊಡ್ಡಿ.

ಅಧಿಕಾರಿ ಅಮ್ಮನನ್ನು ಎಲ್ಲಿರಲು ಇಷ್ಟ ಎಂದು ಕೇಳಿದ್ದಳಂತೆ. ಅಮ್ಮ, "ನೀರು ಕೊಡೋ ಕಡೆ" ಎಂದಳಂತೆ. ಅಂದು ಸಂಜೆಯೇ ಅವಳನ್ನು ಆಸ್ಪತ್ರೆಗೆ ಸೇರಿಸಿ ಐದು ದಿನ ಇಟ್ಟುಕೊಂಡರು. ಅಲ್ಲಿಂದ ಅವಳು ದೊಡ್ಡಿಯ ಮನೆಗೆ ಬಂದಳು. ಚಿಕ್ಕಿಯ ಮೇಲೆ ಪ್ರಕರಣ ದಾಖಲಾಯಿತು, ವಿಚಾರಣೆ ನಡೆಯಿತು. ತಿಂಗಳುಗಟ್ಟಲೆ ಅವಳು ಒಬ್ಬ ಸಲಹೆಗಾರ್ತಿಯ ಬಳಿ ಹೋಗಿ ಕೂರಬೇಕೆಂದೂ, ಅಮ್ಮನನ್ನು ನೋಡುವುದಾದರೆ ಇನ್ನೊಬ್ಬರ ಎದುರಿನಲ್ಲೇ ನೋಡಬೇಕೆಂದೂ ಆಯಿತು. ಸಂಘದವರು ಫಲಕವನ್ನು ವಾಪಸು ಕೇಳಲಿಲ್ಲ, ಅದರ ಮಾತನ್ನೇ ಎತ್ತಲಿಲ್ಲ. ಕೈ ಬೀಸುತ್ತಿದ್ದವರಲ್ಲಿ ಕೆಲವರು "ಅಕ್ಕನಿಗೆ ಮೊದಲಿಂದ್ಲೂ ಹೊಟ್ಟೆಕಿಚ್ಚು" ಎಂದು ಈಗಲೂ ಹೇಳುತ್ತಾರೆ. ಗಂಡ ಮಾತ್ರ ಆಸ್ಪತ್ರೆಯಲ್ಲಿ ಅತ್ತೆಯ ತೋಳು ನೋಡಿ ಬಂದವನು, ದೊಡ್ಡಿಯ ಎದುರು ಕೂತು, "ನಾನು ಅವತ್ತು ನಿನ್ನ ಮಾತು ಕೇಳಬೇಕಿತ್ತು" ಎಂದ. ಅರ್ಧವಲ್ಲ, ಪೂರ್ತಿ ವಾಕ್ಯ.

ಅಮ್ಮನನ್ನು ನೋಡಿಕೊಳ್ಳುವುದು ಏನೆಂದು ದೊಡ್ಡಿಗೆ ತಿಂಗಳೊಳಗೆ ಗೊತ್ತಾಯಿತು. ಒಂದು ಬೆಳಗ್ಗೆ ಅಮ್ಮ ಮೂರನೆಯ ಸಲ ಬಟ್ಟೆ ಒದ್ದೆ ಮಾಡಿಕೊಂಡಾಗ, ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾಗ, ಅವಳ ಕೈ ಅಮ್ಮನ ತೋಳನ್ನು ಬೇಕಾದುದಕ್ಕಿಂತ ಬಿಗಿಯಾಗಿ ಹಿಡಿಯಿತು. ಅಮ್ಮ ಥಟ್ಟನೆ, ದೊಡ್ಡ ದನಿಯಲ್ಲಿ, "ನನ್ನ ದೊಡ್ಡಿ ಬಂಗಾರ!" ಎಂದಳು.

ದೊಡ್ಡಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಕೈ ಬಿಟ್ಟಳು. ಅಮ್ಮನ ಬಟ್ಟೆ ಬದಲಾಯಿಸಿ, ಗಿರಾಕಿಯನ್ನು ನಾಳೆ ಬನ್ನಿ ಎಂದು ಕಳಿಸಿ, ನರ್ಸಮ್ಮನಿಗೆ ಫೋನ್ ಮಾಡಿದಳು. "ನನ್ನೊಬ್ಬಳ ಕೈಲಿ ಆಗ್ತಿಲ್ಲ" ಎಂದಳು. ಹೇಳಲು ಅಷ್ಟು ಕಷ್ಟವಾದ ಮಾತು ಅವಳ ಬಾಯಿಂದ ಹಿಂದೆಂದೂ ಬಂದಿರಲಿಲ್ಲ. ನರ್ಸಮ್ಮ ವಾರಕ್ಕೆ ಮೂರು ಹಗಲು ಹಿರಿಯರನ್ನು ನೋಡಿಕೊಳ್ಳುವ ಕೇಂದ್ರದಲ್ಲಿ ಅಮ್ಮನಿಗೆ ಜಾಗ ಕೊಡಿಸಿದಳು. ಸ್ನಾನಕ್ಕೆ ಒಬ್ಬ ಸಹಾಯಕಿ ಬರತೊಡಗಿದಳು.

ಚಿಕ್ಕಿ ಮೊದಲ ಸಲ ಬಂದದ್ದು ಮೂರು ತಿಂಗಳ ಮೇಲೆ, ಒಂದು ಶನಿವಾರ ಮಧ್ಯಾಹ್ನ. ಅವಳು ಬರುತ್ತಾಳೆಂದು ಹೇಳಿದಾಗಿನಿಂದ ಅಮ್ಮ ಬಾಚಣಿಗೆ ಕೇಳಿದಳು, ಸ್ವೆಟರ್ ಬದಲಿಸಿಕೊಂಡಳು, ಬಾಗಿಲ ಕಡೆ ಹತ್ತು ಸಲ ನೋಡಿದಳು. ದೊಡ್ಡಿ ಮಿಷನ್ನಿನ ಮುಂದೆ ಕೂತು, ನಡುವಿನ ಬಾಗಿಲು ತೆರೆದಿಟ್ಟು, ಕಣ್ಣು ಅತ್ತಲೇ ಇಟ್ಟು ಪ್ಯಾಂಟಿನ ಕಾಲು ಮಡಿಸುತ್ತಿದ್ದಳು. ಚಿಕ್ಕಿ ಬಂದು ಅಮ್ಮನಿಂದ ಒಂದು ಮಾರು ದೂರ ಸ್ಟೂಲಿನ ಮೇಲೆ ಕೂತಳು, ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು. ಮೊದಮೊದಲು ಅಮ್ಮ ಗೋಡೆ ನೋಡುತ್ತಿದ್ದಳು. ಚಿಕ್ಕಿ ಏನೋ ಹೇಳಿ ಅತ್ತಳು. ಆಮೇಲೆ ಲೈಬ್ರರಿಯಲ್ಲಿ ಪುಸ್ತಕದೊಳಗೆ ಬಾಳೆಹಣ್ಣಿನ ಸಿಪ್ಪೆಯನ್ನು ಗುರುತಿಗಿಟ್ಟು ವಾಪಸು ಕೊಟ್ಟವನ ಕಥೆ ಹೇಳಿದಳು. ಅಮ್ಮ ನಕ್ಕಳು. ಈ ಮನೆಗೆ ಬಂದ ಮೇಲೆ ಹಾಗೆ ನಕ್ಕೇ ಇರಲಿಲ್ಲ. ದೊಡ್ಡಿಯ ಕಾಲು ಪೆಡಲಿನ ಮೇಲೆ ತಾನಾಗಿ ನಿಂತುಹೋಯಿತು.

ಚಿಕ್ಕಿ ಹೋದ ಮೇಲೆ ದೊಡ್ಡಿ ಅಮ್ಮನಿಗೆ ಚಹಾ ತಂದುಕೊಟ್ಟು ಸ್ಟೂಲಿನ ಮೇಲೆ ಕೂತಳು.

"ಹೆದರಿಕೆ ಆಯ್ತಾ?"

"ಸ್ವಲ್ಪ" ಎಂದಳು ಅಮ್ಮ. "ಆದ್ರೂ ಅವಳು ಬೇಕು ನನಗೆ. ಮುಂದಿನ ಶನಿವಾರ ಬರ್ತಾಳಾ? ನೀನು ಇರಬೇಕು ಮತ್ತೆ, ಮಿಷನ್ ಬಿಟ್ಟು ಎಲ್ಲೂ ಹೋಗಬೇಡ."

"ಇರ್ತೀನಿ."

ಅಮ್ಮ ಚಹಾ ಊದಿ ಕುಡಿದಳು, ಮಗಳ ಮುಖವನ್ನೇ ನೋಡಿದಳು. "ಮುಖ ಯಾಕೆ ಹಾಗಿದೆ? ಸಿಟ್ಟಾ?"

"ಹೊಟ್ಟೆಕಿಚ್ಚು" ಎಂದಳು ದೊಡ್ಡಿ.

"ಅಯ್ಯೋ! ತೊಟ್ಟಿಲಲ್ಲಿ ಅವಳನ್ನ ನೋಡಿದ ದಿನಾನೂ ಇದೇ ಮುಖ ಮಾಡ್ಕೊಂಡಿದ್ದೆ" ಎಂದು ಅಮ್ಮ ಲೋಟ ಚಾಚಿದಳು. "ಇನ್ನರ್ಧ ಹಾಕು."

ದೊಡ್ಡಿ ಎದ್ದು ಲೋಟ ತುಂಬಿಸಿಕೊಂಡು ಬಂದಳು.